ಕೊಟ್ಟರು ನಿಜ, ಯಾರ ದುಡ್ಡು ಕೊಟ್ಟರು?

“ದುಡ್ಡು ಕೊಡ್ತಾರಾ?”

ಇವತ್ತು ಬೆಂಗಳೂರಿನ ಯಾವ ಟೀ ಅಂಗಡಿ ಮುಂದೆ ನಿಂತರೂ, ಯಾವ ಪಿಜಿ ಮೆಟ್ಟಿಲ ಮೇಲೆ ಕೂತರೂ ಕನ್ನಡದ ಹುಡುಗರ ಬಾಯಲ್ಲಿ ಇದೊಂದೇ ಪ್ರಶ್ನೆ. ಮೊಬೈಲಿನಲ್ಲಿ ಜೂಜಾಡಬೇಕೋ ಬೇಡವೋ ಅಂತ ಯಾರೂ ಕೇಳುತ್ತಿಲ್ಲ. ಗೆದ್ದರೆ ಕೊಡ್ತಾರಾ ಇಲ್ಲವಾ, ಅಷ್ಟೇ! ಅದನ್ನು ಪರೀಕ್ಷೆ ಮಾಡುವುದಕ್ಕೆ ಒಂದು ಉಪಾಯವನ್ನೂ ಕಂಡುಹಿಡಿದಿದ್ದಾರೆ. ಮೊದಲು ಐನೂರು ಹಾಕು. ಸ್ವಲ್ಪ ಬೆಳೆದ ಮೇಲೆ ತೆಗೆದು ನೋಡು. ಬ್ಯಾಂಕಿಗೆ ಬಿತ್ತಾ? ಹಾಗಾದರೆ ಸೈಟು ಅಸಲಿ!

ಗೆಳೆಯರೇ, ಈ ಉಪಾಯದ ಬಣ್ಣ ಬಯಲು ಮಾಡಲೆಂದೇ ಇದನ್ನು ಬರೆಯುತ್ತಿದ್ದೇನೆ. ಬೇರೆಯವರನ್ನು ಬಯ್ಯುವ ಮೊದಲು ನನ್ನನ್ನೇ ಬಯ್ದುಕೊಳ್ಳಬೇಕು.

ನಾನು ಕಾಟನ್‌ಪೇಟೆಯಲ್ಲಿ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಅಪ್ಪನ ಟ್ರೆಡಲ್ ಮೆಷಿನ್ ಪಕ್ಕ ಮೊಳೆ ಜೋಡಿಸುತ್ತಾ ಕನ್ನಡ ಕಲಿತವನು. 2024ರ ಐಪಿಎಲ್ ಹೊತ್ತಿನಲ್ಲಿ ಒಬ್ಬ ಬಂದ. ಐದು ಸಾವಿರ ಹ್ಯಾಂಡ್‌ಬಿಲ್ ಬೇಕು, ದುಡ್ಡು ಮುಂಗಡ ಅಂದ. ಯಾವುದೋ ಹೊರದೇಶದ ಕ್ಯಾಸಿನೋ ಸೈಟು. ಮಧ್ಯದಲ್ಲಿ ಸ್ಕ್ಯಾನ್ ಮಾಡುವ ಚೌಕ. ಮೇಲೆ ದಪ್ಪ ಅಕ್ಷರದಲ್ಲಿ “ಗೆದ್ದ ಹನ ಹತ್ತೇ ನಿಮಿಷದಲ್ಲಿ ನಿಮ್ಮ ಕಾತೆಗೆ”. ನಾನು ಪ್ರೂಫ್ ನೋಡುವಾಗ ಕೆಂಪು ಪೆನ್ನು ಹಿಡಿದು ‘ಹನ’ವನ್ನು ‘ಹಣ’ ಮಾಡಿದೆ, ‘ಕಾತೆ’ಯನ್ನು ‘ಖಾತೆ’ ಮಾಡಿದೆ. ಕನ್ನಡ ಉಳಿಸಿದೆ ಅಂತ ಬೀಗಿದೆ. ನಾನು ತಿದ್ದಿಕೊಟ್ಟಿದ್ದು ಗಾಳದ ಕೊಕ್ಕೆಯನ್ನು ಅಂತ ಆಗ ಹೊಳೆಯಲಿಲ್ಲ.

ಆ ಗಾಳಕ್ಕೆ ಮೊದಲು ಸಿಕ್ಕಿದ್ದು ನಮ್ಮ ಮೆಷಿನ್ ಹುಡುಗನೇ. ತುರುವೇಕೆರೆ ಕಡೆಯವನು, ಇಪ್ಪತ್ತಮೂರು ವಯಸ್ಸು. ವೇಸ್ಟ್ ಶೀಟಿನ ಮೇಲೆ ಮೊಬೈಲ್ ಹಿಡಿದು ಸ್ಕ್ಯಾನ್ ಮಾಡಿದ. “ಅಣ್ಣಾ, ಇವರು ದುಡ್ಡು ಕೊಡ್ತಾರಾ?” ಅಂದ. ನಾನು ಮಹಾಬುದ್ಧಿವಂತನ ಹಾಗೆ, “ಐನೂರು ಹಾಕಿ ತೆಗೆದು ನೋಡೋ” ಅಂದೆ. ಹಾಕಿದ. ಸಾವಿರದ ಮುನ್ನೂರಾಯಿತು. ತೆಗೆಯಲು ಒತ್ತಿದ. ಟೀ ಕುಡಿದು ಬರುವಷ್ಟರಲ್ಲಿ ಖಾತೆಗೆ ಬಿತ್ತು. “ಕೊಟ್ರು ಅಣ್ಣಾ!” ಅಂತ ಕುಣಿದಾಡಿದ.

ಪರೀಕ್ಷೆ ಪಾಸಾಗಿತ್ತು. ಹುಡುಗ ಫೇಲಾಗಿದ್ದು ಅಲ್ಲಿಂದ.

ನಾಲ್ಕು ತಿಂಗಳಲ್ಲಿ ಎಂಬತ್ತಾರು ಸಾವಿರ ಹಾಕಿದ. ಅದರಲ್ಲಿ ನನ್ನಿಂದ ತೆಗೆದುಕೊಂಡ ಅಡ್ವಾನ್ಸ್ ಮೂವತ್ತು ಸಾವಿರ, ಅಕ್ಕನ ಚೀಟಿ ದುಡ್ಡು ಇಪ್ಪತ್ತು ಸಾವಿರ. ನಡುನಡುವೆ ಸಾವಿರ, ಎರಡು ಸಾವಿರ ವಾಪಸ್ ಬರುತ್ತಿತ್ತು. ಒಂದು ರಾತ್ರಿ ಪರದೆಯ ಮೇಲೆ 1,42,000 ರೂಪಾಯಿ ಆಯಿತು. ತೆಗೆಯಲು ಒತ್ತಿದ. ‘ಪರಿಶೀಲನೆಯಲ್ಲಿದೆ’. ಮೂರು ದಿನ ಬಿಟ್ಟು ಆಧಾರ್ ಕೇಳಿದರು, ಕೊಟ್ಟ. ಆಧಾರ್ ಹಿಡಿದುಕೊಂಡ ಫೋಟೋ ಕೇಳಿದರು, ಕೊಟ್ಟ. ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳಿದರು, ಅದನ್ನೂ ಕೊಟ್ಟ. ಹದಿನೈದನೇ ದಿನ ಉತ್ತರ ಬಂತು. ನೀನು ಬೋನಸ್ ನಿಯಮ ಮುರಿದಿದ್ದೀಯ, ಖಾತೆ ರದ್ದು. ಐನೂರು ಹಾಕಿದಾಗ ಅವನ ಮುಖ ನೋಡದೆ ಕೊಟ್ಟವರು ಲಕ್ಷ ಕೇಳಿದಾಗ ಜಾತಕ ಕೇಳಿದರು!

ನಮ್ಮ ಕಸುಬಿನಲ್ಲಿ ಮೊದಲ ಪ್ರತಿ ತೆಗೆದು ನೋಡುತ್ತೇವೆ. ಅದು ಸರಿಯಿದ್ದರೆ ಸಾವಿರ ಪ್ರತಿ ಓಡಿಸುತ್ತೇವೆ. ಯಾಕೆಂದರೆ ಪ್ಲೇಟು ಒಂದೇ. ಜೂಜಿನ ಸೈಟಿನಲ್ಲಿ ಪ್ಲೇಟು ಅವರ ಕೈಯಲ್ಲಿ ಇರುತ್ತದೆ, ಬೇಕಾದಾಗ ಬದಲಾಯಿಸುತ್ತಾರೆ. ಐನೂರರ ಪರೀಕ್ಷೆಯಿಂದ ತಿಳಿಯುವುದು ಐನೂರು ಕೊಡುತ್ತಾರೆ ಅನ್ನುವುದಷ್ಟೇ. ಲಕ್ಷದ ಮಾತು ಅದರಲ್ಲಿಲ್ಲ. ಮೀನು ಹಿಡಿಯುವವನು ಎರೆಹುಳದ ಲೆಕ್ಕ ಇಡುತ್ತಾನೆಯೇ?

ಇನ್ನು ಆ ‘ನಿಯಮ’ ಎಲ್ಲಿತ್ತು? ನಾನೇ ಹುಡುಕಿದೆ. ದುಡ್ಡು ಹಾಕುವ ಗುಂಡಿ ಕನ್ನಡದಲ್ಲಿ. ಸ್ವಾಗತ ಕನ್ನಡದಲ್ಲಿ. ಆಸೆ ಹುಟ್ಟಿಸುವ ಮಾತೆಲ್ಲ ಕನ್ನಡದಲ್ಲಿ. ವಾಪಸ್ ಕೊಡುವ ನಿಯಮ ಮಾತ್ರ ಇಂಗ್ಲಿಷಿನಲ್ಲಿ, ಆರು ಪಾಯಿಂಟಿಗಿಂತ ಸಣ್ಣ ಅಕ್ಷರದಲ್ಲಿ, ನಲವತ್ತು ಪುಟ! ಕನ್ನಡಿಗನ ದುಡ್ಡು ಒಳಗೆ ಹೋಗಲು ಕನ್ನಡ ಬೇಕು, ಹೊರಗೆ ಬರಲು ಕನ್ನಡ ಬೇಡ. ಕನ್ನಡವನ್ನು ಹೀಗೆ ಪಿಕ್‌ಪಾಕೆಟ್ ಮಾಡಲು ಬಳಸುವವರನ್ನು ಕಂಡೂ ನಾವು ಸುಮ್ಮನಿರಬೇಕೆ?

ಆ ನಲವತ್ತು ಪುಟದಲ್ಲಿ ಏನಿತ್ತು ಅಂದರೆ, 500 ರೂಪಾಯಿ ಬೋನಸ್ ತೆಗೆದುಕೊಂಡರೆ ಅದರ ನಲವತ್ತರಷ್ಟು, ಅಂದರೆ 20,000 ರೂಪಾಯಿ ಪಣ ಕಟ್ಟಿದ ಮೇಲಷ್ಟೇ ದುಡ್ಡು ತೆಗೆಯಬಹುದು. ಈಗ ರೂಲೆಟ್ ಚಕ್ರದ ಲೆಕ್ಕ ನೋಡಿ. ಸೊನ್ನೆಯೂ ಸೇರಿ 37 ಮನೆ. ಪ್ರತಿ ಮನೆಗೂ ನೂರು ರೂಪಾಯಿ ಇಟ್ಟರೆ 3,700. ಯಾವ ಮನೆ ಬಂದರೂ ನಿನ್ನ ನೂರೂ ಸೇರಿ ಕೈಗೆ ಬರುವುದು 3,600. ಪ್ರತಿ ಸುತ್ತಿಗೆ ನೂರು ರೂಪಾಯಿ ಅವರಿಗೆ, ಅಂದರೆ ನೂರಕ್ಕೆ 2.7. ಆ ಲೆಕ್ಕದಲ್ಲಿ 20,000ಕ್ಕೆ 540 ರೂಪಾಯಿ. ಐನೂರು ಬೋನಸ್ ಕೊಟ್ಟು ಐನೂರ ನಲವತ್ತು ಕಿತ್ತುಕೊಳ್ಳುವುದಕ್ಕೆ ಉಡುಗೊರೆ ಅಂತ ಹೆಸರು! ಇದು ಮೋಸವೇ ಇಲ್ಲದ, ನೆಟ್ಟಗೆ ನಡೆಯುವ ಚಕ್ರದ ಲೆಕ್ಕ. ಕರೆಕ್ಟಾಗಿ ಕೊಡುವ ಕ್ಯಾಸಿನೋ ಕೂಡ ಬದುಕುವುದು ಇದರಿಂದಲೇ.

“ಅವರಿಗೆ ಲೈಸೆನ್ಸ್ ಇದೆ ಸಾರ್” ಅನ್ನುತ್ತಾರೆ. ಇಂಥ ಎಷ್ಟೋ ಸೈಟುಗಳ ತಳದಲ್ಲಿ ಕ್ಯುರಸಾವ್ ಅಂತ ಒಂದು ಹೆಸರು, ಒಂದು ಮುದ್ರೆ. ಎಲ್ಲಿದೆ ಇದು? ದಕ್ಷಿಣ ಅಮೆರಿಕದ ವೆನೆಜುವೆಲಾ ದೇಶದ ಎದುರು ಸಮುದ್ರದಲ್ಲಿರುವ ದ್ವೀಪ. ನೆದರ್‌ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ. ಅಲ್ಲಿಯ ಜನರ ಮೇಲೆ ನನಗೆ ಕೋಪವಿಲ್ಲ. ಅಷ್ಟು ಸಣ್ಣ ಜನ ತಮ್ಮ ಪಾಪಿಯಮೆಂಟು ಭಾಷೆಗೆ 2007ರಲ್ಲಿ ಅಧಿಕೃತ ಸ್ಥಾನ ಕೊಡಿಸಿಕೊಂಡರು, ಭೇಷ್. ಆದರೆ 1993ರ ಕಾನೂನಿನಡಿ ಅಲ್ಲಿ ನಡೆದ ಜೂಜಿನ ಲೈಸೆನ್ಸ್ ವ್ಯವಹಾರ ನೋಡಿ. ಬೆರಳೆಣಿಕೆಯ ಖಾಸಗಿ ಕಂಪನಿಗಳ ಕೈಯಲ್ಲಿ ಮೂಲ ಲೈಸೆನ್ಸ್. ಅವರು ಅದರ ಕೆಳಗೆ ಲೋಕದ ಮೇಲಿನ ಜೂಜುಕೋರರಿಗೆಲ್ಲ ಒಳ ಲೈಸೆನ್ಸ್ ಕೊಟ್ಟರು. 2024ರ ಡಿಸೆಂಬರಿನಲ್ಲಿ ಹೊಸ ಕಾನೂನು ಬಂದು ಆ ಪದ್ಧತಿಗೆ ಕೊನೆ ಹಾಡಿತು. ಇನ್ನು ಕೆಲವು ಸೈಟುಗಳಲ್ಲಿ ಲೈಸೆನ್ಸೇ ಇಲ್ಲ, ಬರೀ ಮುದ್ರೆಯ ಚಿತ್ರ. ಮುದ್ರೆಯ ಬೆಲೆ ಎಷ್ಟು ಅಂತ ಪ್ರೆಸ್‌ನವನಿಗೆ ಹೇಳಿಕೊಡಬೇಕೆ? ಹಾಗೆಯೇ ‘ನನಗೆ ಎರಡು ಲಕ್ಷ ಬಂತು’ ಅಂತ ತೋರಿಸುವ ಸ್ಕ್ರೀನ್‌ಶಾಟ್! ನಮ್ಮ ಡಿಟಿಪಿ ಹುಡುಗಿ ಹತ್ತು ನಿಮಿಷದಲ್ಲಿ ಎರಡು ಕೋಟಿಯದ್ದು ಮಾಡಿಕೊಡುತ್ತಾಳೆ.

ಕೋರ್ಟಿಗೆ ಹೋಗುತ್ತೇನೆ ಅನ್ನುತ್ತೀರಾ? 1872ರ ಕರಾರು ಕಾಯ್ದೆಯ 30ನೇ ಸೆಕ್ಷನ್ ಹೇಳುತ್ತದೆ, ಪಣದ ಕರಾರಿಗೆ ಬೆಲೆಯಿಲ್ಲ, ಪಣದಲ್ಲಿ ಗೆದ್ದದ್ದನ್ನು ಕೊಡಿಸಿ ಅಂತ ದಾವೆ ಹಾಕುವಂತಿಲ್ಲ. ಧರ್ಮರಾಯನಿಗಾದರೂ ಎದುರಿಗೆ ಕೂತ ಶಕುನಿಯ ಮುಖ ಕಾಣುತ್ತಿತ್ತು. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಲ್ಲುವವರೆಗೆ ಲಾಟರಿ ಏಜೆಂಟನಿಗೂ ಒಂದು ಅಂಗಡಿ ಇತ್ತು, ಹೋಗಿ ಕಾಲರ್ ಹಿಡಿಯಬಹುದಿತ್ತು. ಈಗ ಯಾರ ಕಾಲರ್ ಹಿಡಿಯುತ್ತೀರಿ?

ಇಷ್ಟಕ್ಕೇ ಮುಗಿದಿದ್ದರೆ ದುಡ್ಡು ಹೋಯಿತು, ಬುದ್ಧಿ ಬಂತು ಅನ್ನಬಹುದಿತ್ತು. ನಿಜವಾದ ಪೆಟ್ಟು ಬಿದ್ದಿದ್ದು ಆಮೇಲೆ. ಒಂದನೇ ತಾರೀಕು ನಾನು ಅವನ ಖಾತೆಗೆ ಸಂಬಳ ಹಾಕಿದೆ. ಹುಡುಗ ಎಟಿಎಂನಿಂದ ಬರಿಗೈಯಲ್ಲಿ ಬಂದ. ಖಾತೆ ಜಡಿದಿದ್ದರು. ಬ್ಯಾಂಕಿಗೆ ಹೋದರೆ ಕೌಂಟರಿನಲ್ಲಿದ್ದವರಿಗೆ ಕನ್ನಡ ಬರುವುದಿಲ್ಲ. ಜಗಳ ಮಾಡಿ ಮ್ಯಾನೇಜರ್ ಹತ್ತಿರ ಹೋದ ಮೇಲೆ ಗೊತ್ತಾಯಿತು. ದೂರದ ಯಾವುದೋ ರಾಜ್ಯದ ಸೈಬರ್ ಪೊಲೀಸರು ಖಾತೆ ತಡೆಹಿಡಿಸಿದ್ದಾರೆ. ಕಾರಣ, ಅವನು ‘ಗೆದ್ದು’ ತೆಗೆದ 2,200 ರೂಪಾಯಿ! ಅಲ್ಲಿ ಯಾರಿಗೋ ಟೋಪಿ ಹಾಕಿ ಲಪಟಾಯಿಸಿದ ದುಡ್ಡು ನಾಲ್ಕಾರು ಖಾತೆ ದಾಟಿ, ಗೆಲುವಿನ ವೇಷ ಹಾಕಿಕೊಂಡು ಇವನ ಖಾತೆಗೆ ಬಂದಿತ್ತು.

ಆಮೇಲೆ ಅವನ ಮೊಬೈಲ್ ತೆಗೆದು ಕೂತು ನೋಡಿದೆವು. ದುಡ್ಡು ಹಾಕುವಾಗ ಒಂದು ದಿನ ಯಾವುದೋ ಟ್ರೇಡರ್ಸ್ ಹೆಸರು, ಇನ್ನೊಂದು ದಿನ ಯಾವುದೋ ಬೇಕರಿ, ಮತ್ತೊಂದು ದಿನ ಯಾರೋ ಹೆಂಗಸಿನ ಹೆಸರು. ಬರುವಾಗಲೂ ಹಾಗೆಯೇ. ಎಲ್ಲಿಯೂ ಕ್ಯಾಸಿನೋ ಹೆಸರಿಲ್ಲ. ಬಡವರ ಹೆಸರಿನಲ್ಲಿ ಬಾಡಿಗೆಗೆ ಹಿಡಿದ ಖಾತೆಗಳು ಇವು. ಕಳ್ಳದುಡ್ಡು ಓಡಾಡುವ ಓಣಿ. ನೀನು ಐನೂರು ಹಾಕಿ ‘ಪರೀಕ್ಷೆ’ ಮಾಡಿದ ಕ್ಷಣದಲ್ಲೇ ನಿನ್ನ ಖಾತೆಯೂ ಆ ಓಣಿಯ ಒಂದು ಮನೆ ಆಗಬಹುದು. ಆದ್ದರಿಂದ ‘ಕೊಡ್ತಾರಾ’ ಅಂತ ಕೇಳಬೇಡಿ. ‘ಯಾರ ದುಡ್ಡು ಕೊಡ್ತಾರೆ’ ಅಂತ ಕೇಳಿ. ಆ ಖಾತೆ ಬಿಡಿಸಿಕೊಳ್ಳಲು ಐದು ತಿಂಗಳು ಹಿಡಿಯಿತು.

ಸರ್ಕಾರ ಏನು ಮಾಡಿತು? 2021ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಜೂಜು ನಿಷೇಧಿಸಿದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾಯ್ದೆ ಪಾಸು ಮಾಡಿತು. ಆಟ ನಡೆಸಿದವನಿಗೆ 3 ವರ್ಷದವರೆಗೆ ಜೈಲು, 1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದವನಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಆಡಿದವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ನಮ್ಮ ದೇಶದ ದೊಡ್ಡ ಕಂಪನಿಗಳು ಅದೇ ತಿಂಗಳು ಹಣದ ಆಟ ನಿಲ್ಲಿಸಿದವು. ಸಮುದ್ರದಾಚೆ ಕೂತವನಿಗೆ ಯಾರ ಭಯ? ಒಂದು ವಿಳಾಸ ಮುಚ್ಚಿಸಿದರೆ ಬಾಲಕ್ಕೆ ಒಂದು ಅಂಕಿ ಸೇರಿಸಿ ಇನ್ನೊಂದು ತೆರೆಯುತ್ತಾನೆ.

ಅವನನ್ನು ಹಿಡಿಯಲು ನಮ್ಮಿಂದ ಆಗದಿರಬಹುದು. ಅವನ ಬಾಯಿ ಇಲ್ಲಿದೆಯಲ್ಲ, ಅದನ್ನು ಮುಚ್ಚಿಸಬಹುದು. ಗಲ್ಲಿ ಕ್ರಿಕೆಟ್ ಟೂರ್ನಮೆಂಟಿನ ಜೆರ್ಸಿ ಮೇಲೆ ಯಾರ ಹೆಸರಿದೆ ನೋಡಿ. ಗಣೇಶನ ಪೆಂಡಾಲಿನ ಫ್ಲೆಕ್ಸ್, ಆರ್ಕೆಸ್ಟ್ರಾದ ಬ್ಯಾನರ್ ನೋಡಿ. ನಾಳೆ ನವೆಂಬರಿನಲ್ಲಿ ರಾಜ್ಯೋತ್ಸವದ ಬ್ಯಾನರಿಗೆ ದುಡ್ಡು ಕೊಡುತ್ತೇವೆ ಅಂತ ಇಂಥವರು ಬಂದರೆ ಏನು ಮಾಡುತ್ತೀರಿ? ಭುವನೇಶ್ವರಿಯ ಚಿತ್ರದ ಕೆಳಗೆ ಜೂಜಿನ ಸೈಟಿನ ಹೆಸರು ಹಾಕಿ ಜೈ ಕರ್ನಾಟಕ ಅನ್ನುತ್ತೀರಾ? ನಮ್ಮವರೇ ಇರಲಿ, ಅಂಥ ದುಡ್ಡು ಮುಟ್ಟಿದ ಸಂಘವನ್ನು ಎದುರಿಗೇ ಕೇಳಿ. ಪ್ರೆಸ್ಸಿನ ಗೆಳೆಯರಿಗೂ ಕೈಮುಗಿದು ಕೇಳುತ್ತೇನೆ, ಈ ಕೆಲಸ ಹಿಡಿಯಬೇಡಿ. ಮಿಷನ್ ಒಂದು ದಿನ ಖಾಲಿ ನಿಂತರೆ ಯಾರೂ ಸಾಯುವುದಿಲ್ಲ.

ಈಗಾಗಲೇ ಸಿಕ್ಕಿಹಾಕಿಕೊಂಡಿದ್ದೀರಾ? ಮುಚ್ಚಿಡಬೇಡಿ. ಕಳೆದದ್ದನ್ನು ಗೆದ್ದು ತೆಗೆಯುತ್ತೇನೆ ಅಂತ ಇನ್ನೊಂದು ಸಲ ಹಾಕಬೇಡಿ. ವಂಚನೆ ಆದ ಕೂಡಲೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ. ದುಡ್ಡು ಹಾಕಿದ, ಬಂದ ಪ್ರತಿಯೊಂದು ಸಂದೇಶವನ್ನೂ ಇಟ್ಟುಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ನಮ್ಮ ಹುಡುಗ ಅಕ್ಕನಿಗೆ ಹೇಳಲು ಹೆದರಿ ಎರಡು ತಿಂಗಳು ಊರಿಗೇ ಹೋಗಿರಲಿಲ್ಲ. ಕೊನೆಗೆ ನಾನೇ ಕರೆದುಕೊಂಡು ಹೋದೆ. ಆಕೆ ಬಯ್ಯಲಿಲ್ಲ. “ಊಟ ಮಾಡು” ಅಂದಳು, ಅಷ್ಟೇ.

ಹುಡುಗ ಈಗಲೂ ನಮ್ಮಲ್ಲೇ ಇದ್ದಾನೆ. ಅವನ ಅಡ್ವಾನ್ಸಿನಲ್ಲಿ ಅರ್ಧ ಲೆಕ್ಕದಿಂದ ಹೊಡೆದುಹಾಕಿದ್ದೇನೆ. ಅದು ನನ್ನ ಔದಾರ್ಯ ಅಂತ ಯಾರೂ ತಿಳಿಯಬೇಡಿ. ಆ ಐದು ಸಾವಿರ ಹ್ಯಾಂಡ್‌ಬಿಲ್ಲಿನ ಬಾಕಿ ಅದು. ಉಳಿದ ಪ್ರತಿಗಳು ಯಾರ ಯಾರ ಮನೆಗೆ ಹೋದವೋ, ಆ ಬಾಕಿ ತೀರಿಸುವುದು ನನ್ನಿಂದಾಗದು. ನಿಮ್ಮಲ್ಲಿ ಒಬ್ಬನ ಕೈಗೆ ಅಂಥ ಚೀಟಿ ಬಂದಾಗ ಹರಿದು ಎಸೆದರೆ, ಅಷ್ಟರ ಮಟ್ಟಿಗೆ ನನ್ನ ಸಾಲ ತೀರುತ್ತದೆ.