ಉಪ್ಪು ತಿಂದ ಮೋಟಾರು

ಮಲೆನಾಡಿನ ಹಳೆಯ ಮನೆಗಳಲ್ಲಿ ಉಪ್ಪನ್ನು ಕಬ್ಬಿಣದ ಡಬ್ಬಿಯಲ್ಲಿ ಇಡುವ ಪದ್ಧತಿಯಿರಲಿಲ್ಲ. ಮರದ ಮರಿಗೆ, ಇಲ್ಲವೆ ಪಿಂಗಾಣಿಯ ಭರಣಿ. ಇವೆರಡೇ ಅದಕ್ಕೆ ತಕ್ಕ ಮನೆ. ಆಷಾಢದ ಮಳೆ ಹಿಡಿಯಿತೆಂದರೆ ಮರಿಗೆಯ ಉಪ್ಪು ತಾನಾಗಿ ನೀರೊಡೆದು ಜಿನುಗುವುದನ್ನು ಸೊರಬದ ಅಜ್ಜಿಯರೆಲ್ಲರೂ ಕಂಡವರೇ. ಹತ್ತಿರದಲ್ಲಿ ಮೊಳೆಯೊಂದಿದ್ದರೆ ವಾರದೊಳಗೆ ಅದು ಕೆಂಪಗಾಗುವುದೂ ಅವರಿಗೆ ಹೊಸದಲ್ಲ. ಸಾಣಿಕಟ್ಟಾದ ಉಪ್ಪಿನಾಗರಗಳಿಂದ ಘಟ್ಟ ಹತ್ತಿ ಬರುವ ಆ ಬಿಳಿಯ ಹರಳಿಗೂ ಕಬ್ಬಿಣಕ್ಕೂ ಹೊಂದಾಣಿಕೆಯಿಲ್ಲವೆಂಬುದನ್ನು ಅವರು ಯಾವ ರಸಾಯನಶಾಸ್ತ್ರದ ನೆರವೂ ಇಲ್ಲದೆ ತಿಳಿದಿದ್ದರು.

ಇಂಥ ಮನೆಯೊಂದರಿಂದ ಹೊರಟ ತರುಣನೊಬ್ಬನು ಇಂಜಿನಿಯರನಾಗಿ ಅಮೆರಿಕದ ಮಿಷಿಗನ್ ಪ್ರಾಂತವನ್ನು ಸೇರಿದನೆಂದು ಭಾವಿಸೋಣ. ಡೆಟ್ರಾಯಿಟಿನ ಸುತ್ತಮುತ್ತ ಕನ್ನಡಿಗರಿಗೇನೂ ಕೊರತೆಯಿಲ್ಲ. ಪಂಪನ ಹೆಸರಿನಲ್ಲಿ ಕನ್ನಡ ಕೂಟವೊಂದು ನಡೆಯುವಷ್ಟು ಮಂದಿ ಅಲ್ಲಿದ್ದಾರೆ. ನೌಕರಿ ನೆಲೆಗೊಂಡ ಮೇಲೆ ಈ ತರುಣನಿಗೆ ಒಂದು ಆಸೆ ಹುಟ್ಟುತ್ತದೆ. ಮೇಲ್ಚಾವಣಿಯನ್ನು ಮಡಿಚಿ ಹಿಂದಕ್ಕೆ ಸರಿಸಬಹುದಾದ, ಇಬ್ಬರೇ ಕೂರಬಹುದಾದ, ನೆಲಕ್ಕೆ ಅಂಟಿಕೊಂಡಂತೆ ಓಡುವ ಹಳೆಯ ಸ್ಪೋರ್ಟ್ಸ್ ಕಾರು! ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ತಯಾರಾದ ಎಂ.ಜಿ.ಬಿ. ಕಾರುಗಳು ಅಮೆರಿಕಕ್ಕೆ ಹಡಗು ಹಡಗಾಗಿ ಹೋದವು. 1989ರಲ್ಲಿ ಜಪಾನಿನ ಮಾಜ್ದಾ ಸಂಸ್ಥೆಯ ಪುಟ್ಟ ಮಿಯಾಟಾ ಅದೇ ರುಚಿಯನ್ನು ಮತ್ತೆ ಜನಕ್ಕೆ ಹತ್ತಿಸಿತು. ಇವುಗಳಲ್ಲೊಂದು ಈ ತರುಣನ ಪಾಲಿಗೆ ಬರುತ್ತದೆ. ಬೇಸಿಗೆಯೆಲ್ಲ ಸುಖವಾಗಿ ಕಳೆಯುತ್ತದೆ. ಅಷ್ಟರಲ್ಲಿ ನವೆಂಬರ್ ಬರುತ್ತದೆ. ರಸ್ತೆಯ ಮೇಲೆ ಉಪ್ಪು ಬೀಳುತ್ತದೆ.

ರಸ್ತೆಗೆ ಉಪ್ಪು ಹಾಕುವುದೆಂದರೆ ನಮ್ಮ ಕಡೆಯವರಿಗೆ ತಮಾಷೆಯಾಗಿ ತೋರೀತು. ಕಾರಣವಿಲ್ಲದೆ ಇಲ್ಲ. ಶುದ್ಧ ನೀರು ಸೊನ್ನೆ ಡಿಗ್ರಿಗೆ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರು ಇನ್ನೂ ಕೆಳಗಿಳಿದ ಹೊರತು ಗಟ್ಟಿಯಾಗದು. ನೂರಕ್ಕೆ 23 ಪಾಲು ಉಪ್ಪಿದ್ದರೆ ಸೊನ್ನೆಗಿಂತ 21 ಡಿಗ್ರಿ ಕೆಳಗಿನವರೆಗೂ ಅದು ದ್ರವವಾಗಿಯೇ ಉಳಿಯುತ್ತದೆ. 1938ರಲ್ಲಿ ನ್ಯೂ ಹ್ಯಾಂಪ್‌ಷೈರ್ ಪ್ರಾಂತದಲ್ಲಿ ಪರೀಕ್ಷಾರ್ಥವಾಗಿ ಆರಂಭವಾದ ಈ ಉಪಾಯ ಯುದ್ಧಾನಂತರ ಖಂಡವನ್ನೆಲ್ಲ ವ್ಯಾಪಿಸಿತು. ಇದರಿಂದ ಉಳಿದ ಪ್ರಾಣಗಳು ಅನೇಕ. ಆದುದರಿಂದ ಉಪ್ಪನ್ನು ಬರಿದೆ ಶಪಿಸುವುದು ನ್ಯಾಯವಲ್ಲ.

ಡೆಟ್ರಾಯಿಟಿನ ವಿಚಾರದಲ್ಲಂತೂ ವಿಧಿಯ ವಿನೋದವೊಂದುಂಟು. ಜಗತ್ತಿಗೆ ಮೋಟಾರು ಕಟ್ಟಿಕೊಟ್ಟ ಆ ಪಟ್ಟಣದ ಅಡಿಯಲ್ಲಿ, ಸುಮಾರು 1,200 ಅಡಿ ಆಳದಲ್ಲಿ, ಬೃಹತ್ತಾದ ಉಪ್ಪಿನ ಗಣಿಯಿದೆ. 1910ರ ಸುಮಾರಿಗೆ ತೋಡಲಾರಂಭಿಸಿದ ಆ ಗಣಿಯ ಉಪ್ಪೇ ಇಂದು ರಸ್ತೆಗಳ ಮೇಲೆ ಹರಡುತ್ತದೆ. ಮೇಲೆ ಮೋಟಾರು ಹುಟ್ಟಿಸುವ ಕಾರ್ಖಾನೆ, ಕೆಳಗೆ ಅದನ್ನು ತಿನ್ನುವ ಗಣಿ!

ಉಪ್ಪು ಕಬ್ಬಿಣವನ್ನು ಹೇಗೆ ತಿನ್ನುತ್ತದೆ? ತುಕ್ಕಿಗೆ ನೀರು ಮತ್ತು ಆಮ್ಲಜನಕ ಎರಡೂ ಬೇಕು. ಲೋಹದ ಮೇಲೆ ತೇವದ ಪೊರೆ ಹಬ್ಬಿದಾಗ ಅದೊಂದು ಕ್ಷುದ್ರ ವಿದ್ಯುತ್ಕೋಶವಾಗುತ್ತದೆ: ಒಂದೆಡೆ ಕಬ್ಬಿಣ ಕರಗುತ್ತದೆ, ಇನ್ನೊಂದೆಡೆ ಆಮ್ಲಜನಕ ಆ ವಿದ್ಯುತ್ತನ್ನು ಹೀರಿಕೊಳ್ಳುತ್ತದೆ. ಮಳೆನೀರು ವಿದ್ಯುತ್ತಿಗೆ ಕೆಟ್ಟ ವಾಹಕ. ಆದುದರಿಂದ ಕೆಲಸ ನಿಧಾನ. ಉಪ್ಪುನೀರು ಒಳ್ಳೆಯ ವಾಹಕ. ಮೇಲಾಗಿ ಅದರ ಕ್ಲೋರೈಡ್ ಅಂಶ ಲೋಹದ ಮೇಲಿನ ರಕ್ಷಣಾಪೊರೆಯನ್ನು ಛಿದ್ರಿಸುತ್ತದೆ. ಹುಟ್ಟಿದ ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಕೆಳಗಿನಿಂದ ಒತ್ತಿ ಗುಳ್ಳೆಯೆಬ್ಬಿಸುತ್ತದೆ. ಗುಳ್ಳೆ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕಥೆ ಬಹಳ ದೂರ ಸಾಗಿರುತ್ತದೆ.

ಮರಿಗೆಯ ಉಪ್ಪು ಜಿನುಗುವ ಸಂಗತಿ ಇಲ್ಲಿ ಮತ್ತೆ ನೆನಪಿಗೆ ಬರಬೇಕು. ಗಾಳಿಯ ತೇವಾಂಶ ನೂರಕ್ಕೆ 75ರ ಸುಮಾರು ಮೀರಿತೆಂದರೆ ಶುದ್ಧ ಉಪ್ಪೂ ತೇವವನ್ನು ಎಳೆದುಕೊಂಡು ನೀರಾಗುತ್ತದೆ. ಹೊರನೋಟಕ್ಕೆ ಒಣಗಿದಂತಿರುವ ಕಾರು ಒಳಗೆ, ಸಂದುಗಳಲ್ಲಿ, ಹಗಲಿರುಳೂ ಒದ್ದೆಯಾಗಿಯೇ ಇರುತ್ತದೆ. ಕೆಲವೆಡೆ ಬಳಸುವ ಕ್ಯಾಲ್ಸಿಯಂ ಕ್ಲೋರೈಡ್ ಇನ್ನೂ ಹೆಚ್ಚಿನ ದಾಹದ್ದು. ಇದರಿಂದ ಒಂದು ವಿಪರೀತ ಹುಟ್ಟುತ್ತದೆ. ಚಳಿಯೆಂದು ಕನಿಕರಿಸಿ, ಉಪ್ಪು ಮೆತ್ತಿದ ಕಾರನ್ನು ಬೆಚ್ಚನೆಯ ಗ್ಯಾರೇಜಿನಲ್ಲಿ ನಿಲ್ಲಿಸುವವನು ಅದಕ್ಕೆ ಉಪಕಾರ ಮಾಡುವುದಿಲ್ಲ. ಹಿಮದಲ್ಲಿ ಸ್ತಬ್ಧವಾಗಿದ್ದ ಕ್ರಿಯೆ ಬಿಸಿಯಲ್ಲಿ ಚುರುಕಾಗುತ್ತದೆ. ತೊಳೆಯದ ಕಾರಿಗೆ ಬಯಲಿನ ಕೊರೆಯುವ ಚಳಿಯೇ ಎಷ್ಟೋ ಲೇಸು.

ಎಲ್ಲ ಹಳೆಯ ಕಾರುಗಳಿಗೂ ಈ ಕಾಟ ತಪ್ಪಿದ್ದಲ್ಲ. ಆದರೆ ತೆರೆದ ಕಾರಿನ ಗತಿ ಬೇರೆ. ಸಾಧಾರಣ ಕಾರಿಗೆ ಮೇಲ್ಚಾವಣಿಯೂ ಒಂದು ಊರುಗೋಲು. ಮೇಲಿನ ಕಮಾನು, ಕೆಳಗಿನ ತಳ ಎರಡೂ ಸೇರಿ ಪೆಟ್ಟಿಗೆಯಂತೆ ಬಿಗಿ ಕೊಡುತ್ತವೆ. ಚಾವಣಿಯನ್ನೇ ತೆಗೆದ ಮೇಲೆ ಇಡೀ ಭಾರ ಬಾಗಿಲುಗಳ ಕೆಳಗೆ ಉದ್ದಕ್ಕೂ ಹಾಯುವ ಟೊಳ್ಳು ತೊಲೆಗಳ ಮೇಲೆ ಬೀಳುತ್ತದೆ. ಮುಂದಿನ ಚಕ್ರ ಎರಚುವ ಉಪ್ಪುಕೆಸರು ನೇರವಾಗಿ ಹೋಗಿ ಬಡಿಯುವುದೂ ಅಲ್ಲಿಗೇ. ತೊಲೆಯ ತಗಡು ಸುಮಾರು ಒಂದು ಮಿಲಿಮೀಟರ್ ದಪ್ಪದ್ದು. ಅದು ಒಳಗೊಳಗೇ ಕರಗಿದರೆ ಕಾರಿನ ನಡು ಬಾಗುತ್ತದೆ. ಬಾಗಿಲಿನ ಸಂದು ಮೇಲೆ ಕಿರಿದಾಗಿ ಕೆಳಗೆ ಅಗಲವಾಗುತ್ತದೆ. ಮುಚ್ಚಿದ ಬಾಗಿಲು ತೆರೆಯಲೊಲ್ಲದು. ಅಪಘಾತವಾದರೆ ಅಂಥ ಕಾರು ಸವಾರನನ್ನು ಕಾಯುವುದೆಂಬ ಭರವಸೆಯಿಲ್ಲ.

ಮಿಯಾಟಾದಲ್ಲಿ ಶತ್ರು ಮೇಲಿನಿಂದಲೂ ಬರುತ್ತಾನೆ. ಬಟ್ಟೆಯ ಚಾವಣಿಯ ಮೇಲೆ ಬಿದ್ದ ನೀರು ಹಿಂಬದಿಯ ಸಣ್ಣ ಕೊಳವೆಗಳ ಮೂಲಕ ಹೊರಹೋಗಬೇಕು. ಎಲೆ, ಕಸ ಸಿಕ್ಕಿ ಆ ಕೊಳವೆ ಕಟ್ಟಿದರೆ ನೀರು ತೊಲೆಯೊಳಗೇ ಮನೆ ಮಾಡುತ್ತದೆ. ಹಿಂದಿನ ಚಕ್ರದ ಮುಂಭಾಗ ಮೊದಲು ತೂತಾಗುತ್ತದೆ. ಹಂಚಿನ ಮನೆಯ ದೋಣಿಯಲ್ಲಿ ಎಲೆ ಕಟ್ಟಿಕೊಂಡರೆ ಗೋಡೆ ನೆನೆಯುವುದನ್ನು ಬಲ್ಲ ಮಲೆನಾಡಿಗರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ತುಕ್ಕಿನ ಮಾತಾಯಿತು, ಇನ್ನು ಓಡಿಸುವ ಮಾತು. ಹಗುರವಾದ ದೇಹ, ಹಿಂದಿನ ಚಕ್ರಗಳಿಂದ ನೂಕುವ ಯಂತ್ರ, ಬ್ರೇಕು ಬಿಗಿದಾಗ ಚಕ್ರ ಜಾರದಂತೆ ತಡೆಯುವ ನವೀನ ಸಾಧನವಿಲ್ಲದ ಹಳೆಯ ಏರ್ಪಾಡು: ಇವು ಮೂರೂ ಹಿಮದ ಮೇಲೆ ಒಟ್ಟಿಗೆ ಸೇರಿದರೆ ಸವಾರನ ಕೈಚಳಕಕ್ಕೆ ಪರೀಕ್ಷೆ. ಸುಮಾರು 7 ಡಿಗ್ರಿಗಿಂತ ಕೆಳಗೆ ಬೇಸಿಗೆಯ ಟಯರಿನ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಚಳಿಗಾಲದ ಮೃದು ಟಯರು ಹಾಕಿಸದೆ ರಸ್ತೆಗಿಳಿಯುವುದು ಸಾಹಸವಲ್ಲ, ಅವಿವೇಕ. ಸೇತುವೆಗಳ ಮೇಲೆ, ಕೆಳಗಿನಿಂದಲೂ ತಂಗಾಳಿ ಬೀಸುವುದರಿಂದ, ಉಳಿದ ರಸ್ತೆಗಿಂತ ಮೊದಲೇ ಮಂಜು ಗಡ್ಡೆಕಟ್ಟುತ್ತದೆ. ಪ್ಲಾಸ್ಟಿಕ್ಕಿನ ಹಿಂಗಿಟಕಿಯುಳ್ಳ ಚಾವಣಿಯನ್ನು ಚಳಿಯಲ್ಲಿ ಮಡಿಚಿದರೆ ಅದು ಹಪ್ಪಳದಂತೆ ಸೀಳುತ್ತದೆ. ಇವೆಲ್ಲಕ್ಕಿಂತ ಭಯಂಕರವಾದುದು ಬ್ರೇಕಿನ ಉಕ್ಕಿನ ಕೊಳವೆ. ಹೊರಗಿನ ತುಕ್ಕು ಅದನ್ನು ತೆಳುವಾಗಿಸುತ್ತ ಬಂದು, ಜೋರಾಗಿ ಕಾಲಿಟ್ಟ ಕ್ಷಣವೇ ಅದು ಒಡೆಯಬಹುದು. ಬೇರೆಲ್ಲ ಖರ್ಚು ಮುಂದಕ್ಕೆ ಹಾಕಿದರೂ ತಾಮ್ರ-ನಿಕ್ಕಲ್ ಮಿಶ್ರಲೋಹದ ಕೊಳವೆ ಹಾಕಿಸುವುದನ್ನು ಮುಂದೂಡಬಾರದು.

ಹಾಗಾದರೆ ಆ ಕಾರನ್ನು ಚಳಿಗಾಲದಲ್ಲಿ ಮುಟ್ಟಲೇಬಾರದೆ? ಈ ವಿಷಯದಲ್ಲಿ ಎರಡು ಪಂಥಗಳಿವೆ. ನವೆಂಬರಿನಿಂದ ಏಪ್ರಿಲಿನವರೆಗೆ ಹೊದಿಕೆ ಹೊದಿಸಿ ಮಲಗಿಸುವವರು ಒಂದು ಕಡೆ. ಕಾರು ಇರುವುದೇ ಓಡಲು, ದೇವರ ಉತ್ಸವಮೂರ್ತಿಯಂತೆ ವರ್ಷಕ್ಕೊಮ್ಮೆ ಹೊರತೆಗೆಯಲಿಕ್ಕಲ್ಲ ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಮಾತಿನಲ್ಲಿ ರಸಿಕತೆಯಿದೆ. ಮೊದಲನೆಯವರಲ್ಲಿ ಲೆಕ್ಕ ಸರಿಯಿದೆ. ಹೇರಳವಾಗಿ ದೊರೆಯುವ, ಈಗಾಗಲೇ ಅರೆ ಸವೆದ ಕಾರನ್ನು ಉಪ್ಪಿನಲ್ಲಿ ಓಡಿಸುವುದಕ್ಕೆ ಯಾರ ಅಡ್ಡಿಯೂ ಇರಬೇಕಾಗಿಲ್ಲ. ಅರ್ಧ ಶತಮಾನ ಬದುಕಿಬಂದ ಒಳ್ಳೆಯ ಎಂ.ಜಿ.ಬಿ.ಯನ್ನು ಅದೇ ಉಪ್ಪಿಗೆ ಒಡ್ಡುವುದು ಮಾತ್ರ ದುಂದುಗಾರಿಕೆ. ಅಂಥ ಕಾರಿನ ತೊಲೆಗಳನ್ನು ಕೊಯ್ದು ಹೊಸದಾಗಿ ಬೆಸೆಯಿಸುವ ಖರ್ಚು ಎಷ್ಟೋ ಸಲ ಕಾರಿನ ಬೆಲೆಯನ್ನೇ ಮುಟ್ಟುತ್ತದೆ.

ಓಡಿಸಲೇಬೇಕೆಂದು ಹಟ ಹಿಡಿದವನಿಗೆ ನಮ್ಮ ಗಾದೆಯೇ ದಾರಿ ತೋರುತ್ತದೆ: ಉಪ್ಪು ತಿಂದವನು ನೀರು ಕುಡಿಯಲೇಬೇಕು. ಮೈಗೆ ಹೊಳಪು ಕೊಟ್ಟರೆ ಸಾಲದು. ಹೊಟ್ಟೆಯಡಿ, ಚಕ್ರಗೂಡುಗಳ ಒಳಮೈ, ತೊಲೆಗಳ ಅಂಚು, ಇಲ್ಲೆಲ್ಲ ಧಾರಾಳವಾಗಿ ಸಿಹಿನೀರು ಹಾಯಿಸಬೇಕು. ಬಳಿಕ ಎಣ್ಣೆ. ಕೆನಡಾದವರು ಪ್ರತಿ ಶರತ್ಕಾಲದಲ್ಲಿ ತೊಲೆಗಳ ಟೊಳ್ಳಿಗೆ ತೆಳುವಾದ ಎಣ್ಣೆ ಸಿಂಪಡಿಸಿಕೊಳ್ಳುತ್ತಾರೆ. ಅದು ಸಂದುಗಳಿಗೆ ತೆವಳಿ ತೇವವನ್ನು ಹೊರಗೆ ನೂಕುತ್ತದೆ. ಕತ್ತಿ, ಗುದ್ದಲಿಗಳಿಗೆ ಎಣ್ಣೆ ಸವರಿ ಎತ್ತಿಡುವ ರೈತನ ಜಾಣ್ಮೆಗೂ ಇದಕ್ಕೂ ಏನು ಭೇದ? ಗಟ್ಟಿಯಾದ ಕರಿಯ ಡಾಂಬರು ಲೇಪ ಮಾತ್ರ ಎಚ್ಚರಿಕೆಗೆ ಅರ್ಹ. ಅದು ಬಿರುಕು ಬಿಟ್ಟರೆ ಉಪ್ಪುನೀರು ಒಳನುಗ್ಗಿ ಲೇಪದ ಮರೆಯಲ್ಲೇ ಬೇಟೆಯಾಡುತ್ತದೆ.

ಶಿವಮೊಗ್ಗ ಜಿಲ್ಲೆಯಲ್ಲೇ ಇರುವ ಕೊಡಚಾದ್ರಿಯನ್ನು ಇಲ್ಲಿ ಸ್ಮರಿಸದಿದ್ದರೆ ಮಾತು ಅಪೂರ್ಣ. ಆ ಬೆಟ್ಟದ ಮೂಕಾಂಬಿಕೆಯ ಹಳೆಯ ಗುಡಿಯ ಮುಂದೆ ಕಬ್ಬಿಣದ ಎತ್ತರವಾದ ಧ್ವಜಸ್ತಂಭವೊಂದಿದೆ. ಸಮುದ್ರ ದೂರವಿಲ್ಲ; ಮಳೆಯಂತೂ ನಾಡಿಗೇ ಹೆಸರಾದದ್ದು. ಆದರೂ ಆ ಸ್ತಂಭ ನಿಂತಿದೆ; ಲೋಹಶಾಸ್ತ್ರಜ್ಞರು ಬಂದು ಪರೀಕ್ಷಿಸಿ ಹೋಗಿದ್ದಾರೆ. ಅದು ಕುಲುಮೆಯಲ್ಲಿ ಬಡಿದು ಮಾಡಿದ ದಪ್ಪ ಕಬ್ಬಿಣ. ಮೇಲಿನ ತುಕ್ಕೇ ಒಳಗಿನ ಲೋಹಕ್ಕೆ ಕವಚವಾಗುವಷ್ಟು ದಪ್ಪ. ಅದೇ ಬೆಟ್ಟಕ್ಕೆ ಯಾತ್ರಿಕರನ್ನು ಹೊತ್ತು ಏರುವ ಜೀಪುಗಳ ತೆಳು ತಗಡಿಗೆ ಆ ಸೌಲಭ್ಯವಿಲ್ಲ. ಅವುಗಳ ಪುಣ್ಯವೆಂದರೆ ಅವು ಕಾಣುವುದು ಕೆಸರು ಮತ್ತು ಸಿಹಿನೀರು ಮಾತ್ರ; ಮೇಲಾಗಿ ಜೀಪಿಗೆ ಕೆಳಗೆ ಪ್ರತ್ಯೇಕವಾದ ದಪ್ಪ ಚೌಕಟ್ಟಿದೆ, ಮೈ ತೂತಾದರೂ ಬೆನ್ನೆಲುಬು ನಿಲ್ಲುತ್ತದೆ. ಸ್ಪೋರ್ಟ್ಸ್ ಕಾರಿಗೆ ಮೈಯೇ ಬೆನ್ನೆಲುಬು.

ಮಿಷಿಗನ್ನಿನ ತರುಣ ಮಾರ್ಚಿಯ ಮೊದಲ ಬಿಸಿಲಿಗೆ ಮರುಳಾಗಿ ಚಾವಣಿ ಸರಿಸಲು ಹವಣಿಸುವುದು ಸಹಜ. ಆದರೆ ಹಿಮ ಕರಗಿದ ಮಾತ್ರಕ್ಕೆ ಉಪ್ಪು ಹೋಗಿರುವುದಿಲ್ಲ. ಬಿಳಿಯ ಪುಡಿಯಾಗಿ ರಸ್ತೆಯ ಅಂಚಿನಲ್ಲಿ ಕುಳಿತಿದ್ದು, ಮೊದಲ ತುಂತುರಿಗೇ ಮತ್ತೆ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಅಲ್ಲಿನ ಅನುಭವಿಗಳು ಕ್ಯಾಲೆಂಡರನ್ನು ನಂಬುವುದಿಲ್ಲ. ಎರಡು ಮೂರು ಜಡಿಮಳೆ ಸುರಿದು ರಸ್ತೆ ತೊಳೆದು ಕಪ್ಪಗೆ ಕಾಣುವವರೆಗೂ ಕೀಲಿಕೈ ಗೂಟದಲ್ಲೇ ತೂಗುತ್ತಿರುತ್ತದೆ.