ಕಚೇರಿ ಮುಚ್ಚಿದರೂ ಹಿಂಗಾರಿ ಕಾಯದು



ಮಂಗಳವೇಢೆಯ ಎರೆಹೊಲಗಳಲ್ಲಿ ಹಿಂಗಾರಿ ಜೋಳ ಬಿತ್ತುವ ಕಾಲಕ್ಕೇ, 2025ರ ಅಕ್ಟೋಬರ್ 1ರಂದು, ಅಮೇರಿಕದಲ್ಲಿ ಆಯವ್ಯಯ ಮಂಜೂರಾಗದೆ ಸರಕಾರದ ಕೆಲಸ ನಿಂತಿತು. 43 ದಿನ ಅನೇಕ ಕಚೇರಿಗಳು ಮುಚ್ಚಿದ್ದವು. ವಿಶ್ವವಿದ್ಯಾಲಯಗಳಿಗೆ ಹೊಸ ಸಂಶೋಧನಾ ಅನುದಾನ ತಡೆಯಿತು. ಸರಕಾರಿ ನೌಕರರಿಗೆ ಬಾಕಿ ಸಂಬಳ ಕೊಡಿಸಲು ಅಲ್ಲಿ 2019ರ ಕಾನೂನಿದೆ. ಗುತ್ತಿಗೆಯ ಕಸಗುಡಿಸುವವರಿಗೆ, ಕಾವಲುಗಾರರಿಗೆ ಆ ಆಸರೆಯಿಲ್ಲ.

ಇದು ನಮಗೇಕೆಂದು ಕೇಳಬಹುದು. ನಾವು ರೊಟ್ಟಿ ತಟ್ಟುವ ಮಾಲದಂಡಿ ಜೋಳದ ಎಂ-35-1 ತಳಿಯನ್ನು ಆರಿಸಿದ್ದು ಮೊಹೋಳದ ಸಂಶೋಧನಾ ಕೇಂದ್ರದಲ್ಲಿ. ಸೊಲ್ಲಾಪುರದ ಒಣಬೇಸಾಯ ಸಂಶೋಧನೆ 1933ರಲ್ಲಿ ಸಾರ್ವಜನಿಕ ಹಣದಿಂದಲೇ ಆರಂಭವಾಯಿತು. ನಮ್ಮ ಸಂವಿಧಾನದಲ್ಲಿ ಲೇಖಾನುದಾನದ ದಾರಿಯಿರುವುದರಿಂದ ಇಲ್ಲಿ ಹಾಗೆ ಬೀಗ ಬೀಳದು. ಆದರೆ ಮಂಜೂರಾದ ಹಣ ತಡವಾಗಿ ಕೈಸೇರಿದರೂ ಪೆಟ್ಟು ಅದೇ. ತಪ್ಪಿದ ಬಿತ್ತನೆಯನ್ನು ಆಮೇಲೆ ಬಂದ ಹಣ ಮರಳಿ ತರಲಾರದು; ಪ್ರಯೋಗದ ಒಂದು ವರ್ಷ ಹೋದಂತೆಯೇ. ದಿನಗೂಲಿಯವನ ಒಲೆಯೂ ಅಷ್ಟು ದಿನ ಕಾಯದು.

ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬುದು ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದ ಕಟ್ಟಳೆ. ಅದು ಒಡೆಯನಿಗೆ ಹೇಗೋ ಸರಕಾರಕ್ಕೂ ಹಾಗೆಯೇ. ಸಂಶೋಧನೆಗೆ ಅನುದಾನ ಕೇಳುವಾಗ ಹೊಲದಲ್ಲಿ ದುಡಿಯುವ ಕೈಗಳ ಕೂಲಿಯನ್ನು ಮೊದಲು ತೆಗೆದಿರಿಸಿರೆಂದು ನಮ್ಮ ಸಂಘಗಳು ಕೇಳಲಿ.