ಅಮೆಜಾನಿನ ಪುರಾತನ ಡಾಲ್ಫಿನ್ ಪಳೆಯುಳಿಕೆ ಮತ್ತು ಗಂಗಾ ನದಿಯ ಡಾಲ್ಫಿನ್: ಒಂದು ಅವಲೋಕನ

ಪೆರು ದೇಶದ ಅಮೆಜಾನ್ ಪ್ರದೇಶದ ನಾಪೋ ನದಿಯ ದಂಡೆಯಲ್ಲಿ 2018ರಲ್ಲಿ ದೊರೆತ ಡಾಲ್ಫಿನ್ ತಲೆಬುರುಡೆಯೊಂದರ ಅಧ್ಯಯನದ ಫಲಿತಾಂಶವು 2024ರ ಮಾರ್ಚ್ ತಿಂಗಳಿನಲ್ಲಿ 'ಸೈನ್ಸ್ ಅಡ್ವಾನ್ಸಸ್' ಎಂಬ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಗಿರುತ್ತದೆ. ಆಲ್ಡೊ ಬೆನಿಟೆಸ್-ಪಾಲೊಮಿನೊ ಮತ್ತು ಅವರ ಸಹ ವಿಜ್ಞಾನಿಗಳು ಸದರಿ ಪ್ರಾಣಿಗೆ 'ಪೆಬನಿಸ್ಟಾ ಯಾಕುರುನ' ಎಂದು ಹೆಸರಿಟ್ಟಿದ್ದಾರೆ. ಯಾಕುರುನ ಎಂದರೆ ಅಮೆಜಾನ್ ನಿವಾಸಿಗಳ ನಂಬಿಕೆಯಂತೆ ನೀರಿನೊಳಗೆ ವಾಸಿಸುವ ಜನರು. ಸುಮಾರು 1.6 ಕೋಟಿ ವರ್ಷಗಳ ಹಿಂದೆ ಜೀವಿಸಿದ್ದ ಈ ಡಾಲ್ಫಿನ್ ಸುಮಾರು 3 ರಿಂದ 3.5 ಮೀಟರ್ ಉದ್ದವಿದ್ದು, ಈವರೆಗೆ ತಿಳಿದಿರುವ ನದಿ ಡಾಲ್ಫಿನ್‌ಗಳ ಪೈಕಿ ಅತಿ ದೊಡ್ಡದು ಎಂದು ಪರಿಗಣಿಸಲಾಗಿದೆ.

ದೂರದ ದೇಶದ ಈ ಸಂಗತಿಯು ಭಾರತದ ನಾಗರಿಕರಿಗೆ ಸಂಬಂಧಿಸಿದ್ದು ಹೇಗೆ ಎಂಬ ಪ್ರಶ್ನೆ ಸಹಜವಾದುದು. ಅಮೆಜಾನ್ ನದಿಯಲ್ಲಿ ಇಂದು ಗುಲಾಬಿ ಬಣ್ಣದ ಡಾಲ್ಫಿನ್‌ಗಳಿವೆ. ಪೆಬನಿಸ್ಟಾ ಅವುಗಳ ಸಮೀಪದ ಬಂಧುವಾಗಿರದೆ, ಗಂಗಾ ಹಾಗೂ ಸಿಂಧೂ ನದಿಗಳ ಡಾಲ್ಫಿನ್‌ಗಳ ಸಮೀಪ ಬಂಧುವೆಂದು ಕಂಡುಬಂದಿರುತ್ತದೆ. ಮುಖದ ಮೂಳೆಯ ಮೇಲೆ ಎದ್ದು ನಿಂತಿರುವ ಏಣುಗಳು ಈ ನಿರ್ಣಯಕ್ಕೆ ಮುಖ್ಯ ಆಧಾರವಾಗಿವೆ. ಹಲ್ಲುಳ್ಳ ತಿಮಿಂಗಿಲಗಳು ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಯಿಂದ ಬೇಟೆಯನ್ನು ಗುರುತಿಸುತ್ತವೆ. ಡಾಲ್ಫಿನ್‌ಗಳೂ ಈ ವರ್ಗಕ್ಕೇ ಸೇರಿವೆ. ಕೆಸರು ನೀರಿನಲ್ಲಿ ಬದುಕುವ ಗಂಗಾ ಡಾಲ್ಫಿನ್‌ನ ಕಣ್ಣಿನಲ್ಲಿ ಮಸೂರವೇ ಇರುವುದಿಲ್ಲ. ಅದು ಬಹುಮಟ್ಟಿಗೆ ಕುರುಡು. ಆದಕಾರಣ ಶಬ್ದವೇ ಅದರ ಜೀವನಾಧಾರ.

ಗಂಗೆಯ ಡಾಲ್ಫಿನ್ ಅಮೆಜಾನಿನಿಂದ ವಲಸೆ ಬಂದಿತು ಎಂದು ಇದರಿಂದ ಭಾವಿಸತಕ್ಕದ್ದಲ್ಲ. ಪೆಬನಿಸ್ಟಾ ಅದರ ಪೂರ್ವಜವಲ್ಲ. ಎರಡರ ಸಮಾನ ಪೂರ್ವಜರು ಸಮುದ್ರದಲ್ಲಿದ್ದು, ಬೇರೆ ಬೇರೆ ಖಂಡಗಳಲ್ಲಿ ಬೇರೆ ಬೇರೆಯಾಗಿ ಸಿಹಿನೀರನ್ನು ಪ್ರವೇಶಿಸಿದವು ಎಂಬುದು ವಿಜ್ಞಾನಿಗಳ ಅಭಿಪ್ರಾಯ.

ಈ ವಂಶವು ಒಂದು ಕಾಲದಲ್ಲಿ ಎಷ್ಟು ವ್ಯಾಪಕವಾಗಿತ್ತು ಎಂಬುದಕ್ಕೆ ಇನ್ನೊಂದು ಪುರಾವೆ ಅಲಾಸ್ಕಾದಿಂದ ದೊರೆತಿರುತ್ತದೆ. ಅಲ್ಲಿನ ಯಾಕಟಾಗಾ ಪ್ರದೇಶದಲ್ಲಿ 1951ರಲ್ಲಿ ಅಮೆರಿಕದ ಭೂವಿಜ್ಞಾನಿ ಡೊನಾಲ್ಡ್ ಮಿಲ್ಲರ್ ಅವರು ಸಂಗ್ರಹಿಸಿದ ತಲೆಬುರುಡೆಯೊಂದು ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದಲ್ಲಿ 60 ವರ್ಷಗಳಿಗೂ ಮೇಲ್ಪಟ್ಟು ಇದ್ದಿತು. 2016ರಲ್ಲಿ ಅಲೆಕ್ಸಾಂಡ್ರಾ ಬೋರ್ಸ್ಮಾ ಮತ್ತು ನಿಕೋಲಸ್ ಪೈಯೆನ್ಸನ್ ಅವರು ಅದನ್ನು ಪರಿಶೀಲಿಸಿ, ಸುಮಾರು 2.5 ಕೋಟಿ ವರ್ಷಗಳ ಹಿಂದಿನ ಹೊಸ ಪ್ರಭೇದವೆಂದೂ, ಗಂಗಾ ಡಾಲ್ಫಿನ್‌ನ ಬಂಧುವೆಂದೂ ನಿರ್ಧರಿಸಿ 'ಆರ್ಕ್ಟೊಕಾರಾ ಯಾಕಟಾಗಾ' ಎಂದು ಕರೆದರು. ತಲೆಬುರುಡೆಯನ್ನು ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿ ಇಟ್ಟಿದ್ದರಿಂದಲೇ ಇದು ಸಾಧ್ಯವಾಯಿತು. ಹಳೆಯ ಸಂಗ್ರಹಗಳನ್ನು ಒಪ್ಪವಾಗಿ ಇಡುವ ಕೆಲಸವನ್ನು ನಿಷ್ಪ್ರಯೋಜಕವೆಂದು ಹೀಗಳೆಯುವವರು ಇದನ್ನು ಗಮನಿಸಬಹುದು.

ಅಲಾಸ್ಕಾದ ಶೀತ ಸಮುದ್ರದಿಂದ ಅಮೆಜಾನಿನ ಸರೋವರಗಳವರೆಗೆ ಹರಡಿದ್ದ ಬಂಧುಬಳಗದಲ್ಲಿ ಇಂದು ಉಳಿದಿರುವುದು ಗಂಗಾ ಮತ್ತು ಸಿಂಧೂ ಡಾಲ್ಫಿನ್‌ಗಳು ಮಾತ್ರ. ಪೆಬನಿಸ್ಟಾ ವಾಸಿಸುತ್ತಿದ್ದ ವಿಶಾಲ ಸರೋವರ ಹಾಗೂ ಜೌಗು ಪ್ರದೇಶವು ಸುಮಾರು 1 ಕೋಟಿ ವರ್ಷಗಳ ಹಿಂದೆ ಬದಲಾಗಿ ನದಿಗಳ ವ್ಯವಸ್ಥೆಯಾಯಿತು. ಆಹಾರವಾದ ಮೀನುಗಳು ಇಲ್ಲವಾಗಿ ಡಾಲ್ಫಿನ್ ಸಹ ಅಳಿಯಿತು ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ನಿಸರ್ಗವು ಈ ಬದಲಾವಣೆಗೆ ಲಕ್ಷಾಂತರ ವರ್ಷ ತೆಗೆದುಕೊಂಡಿತು. ಚೀನಾದ ಯಾಂಗ್ಟ್ಸೆ ನದಿಯ 'ಬೈಜಿ' ಡಾಲ್ಫಿನ್ ವಿಷಯದಲ್ಲಿ ಕೆಲವೇ ದಶಕಗಳು ಸಾಕಾದವು; 2006ರಲ್ಲಿ ನಡೆದ ಸಮೀಕ್ಷೆಯಲ್ಲಿ ಒಂದು ಡಾಲ್ಫಿನ್ ಕೂಡ ಕಂಡುಬರಲಿಲ್ಲ.

ಭಾರತದಲ್ಲಿ ಗಂಗಾ ಡಾಲ್ಫಿನ್ ಅನ್ನು 2009ರಲ್ಲಿ ರಾಷ್ಟ್ರೀಯ ಜಲಚರವೆಂದು ಘೋಷಿಸಲಾಯಿತು. 2020ರಲ್ಲಿ 'ಪ್ರಾಜೆಕ್ಟ್ ಡಾಲ್ಫಿನ್' ಯೋಜನೆಯನ್ನು ಪ್ರಕಟಿಸಲಾಯಿತು. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ನದಿ ಡಾಲ್ಫಿನ್‌ಗಳ ಪ್ರಥಮ ಅಂದಾಜು ವರದಿಯ ಮೇರೆಗೆ, 8 ರಾಜ್ಯಗಳ 28 ನದಿಗಳಲ್ಲಿ ಒಟ್ಟು 6,327 ಡಾಲ್ಫಿನ್‌ಗಳಿವೆ. ಇವುಗಳಲ್ಲಿ ಉತ್ತರ ಪ್ರದೇಶದಲ್ಲಿ 2,397, ಬಿಹಾರದಲ್ಲಿ 2,220 ಇರುತ್ತವೆ. ಸಿಂಧೂ ಡಾಲ್ಫಿನ್‌ಗಳು ಪಂಜಾಬಿನ ಬಿಯಾಸ್ ನದಿಯಲ್ಲಿ ಕೇವಲ 3. ಆರು ಸಾವಿರ ಎಂಬ ಅಂಕಿಯು ಮೇಲ್ನೋಟಕ್ಕೆ ಸಮಾಧಾನಕರವೆನಿಸಿದರೂ, ಹೆಣ್ಣು ಡಾಲ್ಫಿನ್ ಎರಡು-ಮೂರು ವರ್ಷಗಳಿಗೆ ಒಂದೇ ಮರಿ ಹಾಕುತ್ತದೆ. ಬ್ಯಾರೇಜುಗಳು ನದಿಯನ್ನು ತುಂಡರಿಸಿ, ಒಂದು ಗುಂಪನ್ನು ಇನ್ನೊಂದರಿಂದ ಬೇರ್ಪಡಿಸಿವೆ. ಮೀನುಬಲೆಗೆ ಸಿಲುಕಿ ಸಾಯುವ ಪ್ರಕರಣಗಳೂ ಇವೆ. ಮೂರರ ಅಂಕಿಯ ಬಗ್ಗೆ ಹೆಚ್ಚಿನ ವಿವರಣೆ ಅಗತ್ಯವಿಲ್ಲ.

ಕರ್ನಾಟಕದ ನದಿಗಳಲ್ಲಿ ಡಾಲ್ಫಿನ್‌ಗಳಿಲ್ಲ. ಆದರೆ ಕಾರವಾರ ಮುಂತಾದ ಕರಾವಳಿ ಭಾಗಗಳಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳು ಕಂಡುಬರುತ್ತವೆ. ಇವೂ ಹಲ್ಲುಳ್ಳ ತಿಮಿಂಗಿಲ ವರ್ಗದವು. ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಅನುಸೂಚಿ 1ರ ರಕ್ಷಣೆಗೆ ಒಳಪಟ್ಟಿವೆ. 'ತಿಮಿಂಗಿಲ ವಾಂತಿ' ಎಂದು ಕರೆಯಲಾಗುವ ಅಂಬರ್‌ಗ್ರಿಸ್ ಇದೇ ವರ್ಗದ ಸ್ಪರ್ಮ್ ತಿಮಿಂಗಿಲದಿಂದ ಬರುವ ವಸ್ತುವಾಗಿದ್ದು, ಅದರ ಮಾರಾಟವು ಅಪರಾಧವಾಗಿರುತ್ತದೆ. ದಡಕ್ಕೆ ಬಂದು ಸಿಲುಕಿದ ಡಾಲ್ಫಿನ್ ಕಂಡಲ್ಲಿ ಸಾರ್ವಜನಿಕರು ತಾವಾಗಿ ಎಳೆದಾಡದೆ ಸಮೀಪದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸಬೇಕಾಗಿ ಕೋರಲಾಗಿದೆ.

ರಾಜ್ಯದ ಬಹುಭಾಗದ ಶಿಲೆಗಳು ಪ್ರಾಣಿಗಳು ಹುಟ್ಟುವುದಕ್ಕೂ ಮುಂಚಿನವಾದ್ದರಿಂದ ಇಲ್ಲಿ ತಿಮಿಂಗಿಲದ ಪಳೆಯುಳಿಕೆಗಳನ್ನು ನಿರೀಕ್ಷಿಸುವಂತಿಲ್ಲ. ಆದಾಗ್ಯೂ ಬಾವಿ ಅಥವಾ ಪಾಯ ತೋಡುವಾಗ ಕಲ್ಲಾದ ಮೂಳೆ, ಹಲ್ಲು, ಚಿಪ್ಪು ಇತ್ಯಾದಿ ದೊರೆತಲ್ಲಿ ಅದನ್ನು ಒಡೆಯದೆ, ತೊಳೆಯದೆ, ಸಿಕ್ಕ ಸ್ಥಳ, ಆಳ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿ ಅಥವಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಮಾಹಿತಿ ನೀಡುವುದು ಸೂಕ್ತ. ಸ್ಥಳದ ವಿವರವಿಲ್ಲದ ಪಳೆಯುಳಿಕೆಯ ಕಾಲವನ್ನು ನಿರ್ಣಯಿಸುವುದು ತಜ್ಞರಿಗೂ ಕಷ್ಟಸಾಧ್ಯ.